ಕಾದಂಬರಿ ಓದುವ ಅಪರಾಧ

ಕಾದಂಬರಿ ಹಿಡಿದು ಕುಳಿತವರನ್ನು ಕಂಡು ಮೂಗು ಮುರಿಯುವ ಹಿರಿಯರು ಎಲ್ಲ ಕಾಲದಲ್ಲಿಯೂ ಉಂಟು. ಇಂಗ್ಲೆಂಡಿನಲ್ಲಿ ರೊಮ್ಯಾಂಟಿಕ್ ಕವಿಗಳ ಕಾಲದಲ್ಲಿಯಂತೂ ಈ ತಾತ್ಸಾರಕ್ಕೆ ಮಹಾಕವಿಗಳ ಬೆಂಬಲವೇ ದೊರೆಯಿತು.

ಆಗ ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ವಿಲಿಯಂ ಲೇನ್ ಎಂಬ ಪ್ರಕಾಶಕನಿದ್ದನು. ಕೋಳಿ ಮಾರುವವನ ಮಗ. 1790ರ ಸುಮಾರಿಗೆ ಅವನು ತನ್ನ ಮುದ್ರಣಾಲಯಕ್ಕೆ ರೋಮನರ ವಿದ್ಯಾದೇವತೆಯಾದ ಮಿನರ್ವಾಳ ಹೆಸರಿಟ್ಟನು. ಆ ದೇವತೆಯ ಹೆಸರಿನಲ್ಲಿ ಹೆಚ್ಚಾಗಿ ಹೊರಬಂದವು ಶಾಸ್ತ್ರಗ್ರಂಥಗಳಲ್ಲ; ಪಾಳುಕೋಟೆ, ಗುಪ್ತದ್ವಾರ, ಬಿರುಗಾಳಿಯ ರಾತ್ರಿ, ಅನಾಥ ಕನ್ಯೆ ಇವುಗಳಿಂದ ತುಂಬಿದ ಕಾದಂಬರಿಗಳು. ಪುಸ್ತಕದ ಬೆಲೆ ಸಾಮಾನ್ಯ ಸಂಸಾರಸ್ಥರ ಕೈಗೆ ಎಟುಕುತ್ತಿರಲಿಲ್ಲ. ಆದುದರಿಂದ ಜನರು ಚಂದಾ ಕೊಟ್ಟು ಗ್ರಂಥಭಂಡಾರಗಳಿಂದ ಪುಸ್ತಕಗಳನ್ನು ಎರವಲು ತರುತ್ತಿದ್ದರು. ಒಂದು ಕಥೆ ಮೂರು ಸಂಪುಟಗಳಾದರೆ ಏಕಕಾಲಕ್ಕೆ ಮೂವರಿಗೆ ಕೊಡಬಹುದಷ್ಟೆ! ಲೇನನು ತಾನೇ ಇಂತಹ ಭಂಡಾರವನ್ನು ನಡೆಸಿದುದಲ್ಲದೆ, ಬೇರೆ ಊರುಗಳಲ್ಲಿ ತೆರೆಯಬಯಸಿದವರಿಗೂ ಪುಸ್ತಕಗಳನ್ನು ಒದಗಿಸುತ್ತಿದ್ದನು.

ವಿದ್ವಾಂಸರಿಗೆ ಇದು ಸಹಿಸಲಿಲ್ಲ. ಹುಚ್ಚು ಕಾದಂಬರಿಗಳ ಹಾವಳಿಯಲ್ಲಿ ಷೇಕ್ಸ್‌ಪಿಯರ್, ಮಿಲ್ಟನ್ನರನ್ನು ಕೇಳುವವರಿಲ್ಲದಂತಾಯಿತೆಂದು ವರ್ಡ್ಸ್‌ವರ್ತ್ ಕವಿ 1800ರಲ್ಲಿ ತನ್ನ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನದ ಮುನ್ನುಡಿಯಲ್ಲಿ ಮರುಗಿದನು. 1817ರಲ್ಲಿ ಕೋಲ್‌ರಿಜ್ ಇನ್ನೂ ಮುಂದೆ ಹೋಗಿ, ಭಂಡಾರದ ಪುಸ್ತಕ ಓದುವುದನ್ನು ಸೇತುವೆಯ ಮೇಲೆ ನಿಂತು ನೀರಿಗೆ ಉಗುಳುವಂತಹ ಹೊತ್ತುಗಳೆಯುವ ಕೆಲಸಗಳ ಸಾಲಿಗೆ ಸೇರಿಸಿದನು. ವಿನೋದವೆಂದರೆ, ಹಿಂದಿನ ವರ್ಷವಷ್ಟೇ ಅಚ್ಚಾಗಿದ್ದ ಅವನ ‘ಕ್ರಿಸ್ಟಬೆಲ್’ ಕಾವ್ಯದಲ್ಲಿ ಇರುವುದೂ ನಡುರಾತ್ರಿಯ ಕೋಟೆ, ಗೂಬೆಯ ಕೂಗು, ಕಾಡಿನಲ್ಲಿ ಎದುರಾಗುವ ನಿಗೂಢ ಹೆಣ್ಣು! ಕವಿ ಬರೆದರೆ ಕಲ್ಪನೆ, ಕಾದಂಬರಿಕಾರ್ತಿ ಬರೆದರೆ ಕಾಲಹರಣ.

ಕಾದಂಬರಿಯೆಂದರೆ ಗಂಡಸರಿಗೂ ಸಂಕೋಚವಿತ್ತು. ಹೆಸರಾಂತ ಕವಿಯಾಗಿದ್ದ ವಾಲ್ಟರ್ ಸ್ಕಾಟ್ 1814ರಲ್ಲಿ ‘ವೇವರ್ಲಿ’ಯನ್ನು ಹೆಸರಿಲ್ಲದೆ ಪ್ರಕಟಿಸಿದನು, ಬಹಿರಂಗವಾಗಿ ಒಪ್ಪಿಕೊಂಡುದು 1827ರಲ್ಲಿ.

ಮಿನರ್ವಾ ಕಾದಂಬರಿಗಳಲ್ಲಿ ಜೊಳ್ಳು ಬಹಳವಿತ್ತೆಂಬುದು ಸುಳ್ಳಲ್ಲ. ಆದರೆ ಆ ಪುಟಗಳ ಹಿಂದೆ ಎಷ್ಟೋ ಮನೆಗಳ ಒಲೆ ಉರಿಯುತ್ತಿತ್ತು. ಎಲಿಜ಼ಾ ಪಾರ್ಸನ್ಸ್ ಎಂಟು ಮಕ್ಕಳ ತಾಯಿ. ಗಂಡನ ಟರ್ಪೆಂಟೈನ್ ವ್ಯಾಪಾರ ಬೆಂಕಿಗೆ ಆಹುತಿಯಾಯಿತು. ಅನಂತರ ಅವನೂ ತೀರಿಕೊಂಡನು. ಸಂಸಾರವನ್ನು ಸಾಗಿಸಲು ಆಕೆ ಹಿಡಿದುದು ಲೇಖನಿಯನ್ನು. ಕಾದಂಬರಿಯ ಮೇಲೆ ಕಾದಂಬರಿ ಬರೆದರೂ ಹಣ ಸಾಲದೆ, ಲೇಖಕರ ಸಹಾಯನಿಧಿಗೆ ಕೈಯೊಡ್ಡಬೇಕಾಯಿತು. ಅವಳ ಪುಸ್ತಕವನ್ನು ಹೀಗಳೆದ ಮಹನೀಯರ ಕಣ್ಣಿಗೆ ಈ ಒಲೆ ಬೀಳಲಿಲ್ಲ.

ಈ ನಿಂದೆಗೆ ಉತ್ತರ ಬಂದುದು ಹಳ್ಳಿಯ ಪಾದ್ರಿಯೊಬ್ಬನ ಮಗಳಿಂದ. 1798ರಲ್ಲಿ ಹೊಸ ಗ್ರಂಥಭಂಡಾರವನ್ನು ತೆರೆಯುತ್ತಿದ್ದ ಮಹಿಳೆಯೊಬ್ಬಳು, ತನ್ನಲ್ಲಿ ಬರಿಯ ಕಾದಂಬರಿಗಳಷ್ಟೇ ಅಲ್ಲವೆಂದು ಸಮಜಾಯಿಷಿ ಕೊಟ್ಟಾಗ ಜೇನ್ ಆಸ್ಟೆನ್ ನಕ್ಕಳು. ತಮ್ಮ ಮನೆಯವರೆಲ್ಲ ಕಾದಂಬರಿಪ್ರಿಯರು, ಅದಕ್ಕಾಗಿ ನಾಚುವವರಲ್ಲ ಎಂದು ಅಕ್ಕನಿಗೆ ಪತ್ರ ಬರೆದಳು. ಮುಂದೆ ‘ನಾರ್ತ್ಯಾಂಗರ್ ಆಬಿ’ ಎಂಬ ಕಾದಂಬರಿಯಲ್ಲಿ ಭಯಾನಕ ಕಥೆಗಳನ್ನು ಮನಸಾರೆ ಹಾಸ್ಯ ಮಾಡಿದಳು. ಆದರೆ ಕಾದಂಬರಿಯನ್ನೇ ಜರೆಯುವ ವಿಮರ್ಶಕರನ್ನು ಕಥೆಯ ನಡುವೆಯೇ ತರಾಟೆಗೆ ತೆಗೆದುಕೊಂಡಳು. 1803ರಲ್ಲಿ ಪ್ರಕಾಶಕನೊಬ್ಬನು ಅದರ ಹಸ್ತಪ್ರತಿಯನ್ನು 10 ಪೌಂಡಿಗೆ ಕೊಂಡು ಮೂಲೆಗಿಟ್ಟನು. 1816ರಲ್ಲಿ ಅಷ್ಟೇ ಹಣ ತೆತ್ತು ಅದನ್ನು ಬಿಡಿಸಿಕೊಳ್ಳಬೇಕಾಯಿತು. ಪುಸ್ತಕ ಹೊರಬಂದುದು 1817ರ ಡಿಸೆಂಬರಿನಲ್ಲಿ. ಆ ಜುಲೈ ತಿಂಗಳಲ್ಲಿಯೇ ಆಸ್ಟೆನ್ ಕಣ್ಮುಚ್ಚಿದ್ದಳು.

ಆ ಕಥೆಯಲ್ಲಿ ಗೆಳತಿಯೊಬ್ಬಳು ನಾಯಕಿಗೆ ಏಳು ಭಯಾನಕ ಕಾದಂಬರಿಗಳ ಪಟ್ಟಿಯನ್ನು ಕೊಡುತ್ತಾಳೆ. ಆ ಹೆಸರುಗಳು ಆಸ್ಟೆನ್ನಳ ಕಲ್ಪನೆಯೆಂದೇ ಅನೇಕರು ಬಹುಕಾಲ ನಂಬಿದ್ದರು. ಮೂಲಪುಸ್ತಕಗಳು ಅಷ್ಟು ಮರೆತುಹೋಗಿದ್ದವು. 1927ರಲ್ಲಿ ಮೈಕೇಲ್ ಸ್ಯಾಡ್ಲಿಯರ್ ಎಂಬ ಗ್ರಂಥಪ್ರೇಮಿ ಅವುಗಳ ವೃತ್ತಾಂತವನ್ನು ಬರೆದು ಪ್ರಕಟಿಸಿದನು. ಏಳೂ ನಿಜವಾದ ಪುಸ್ತಕಗಳು. ಆರು ಮಿನರ್ವಾ ಮುದ್ರಣಾಲಯದವು. ಎರಡು ಎಲಿಜ಼ಾ ಪಾರ್ಸನ್ಸಳವು.

ಇಂದು ಆ ಏಳೂ ಮರುಮುದ್ರಣಗೊಂಡು ವಾಚಕರಿಗೆ ದೊರೆಯುತ್ತವೆ. ಕಾಲಹರಣವೆಂದು ಪಂಡಿತರು ತಳ್ಳಿಹಾಕಿದ್ದನ್ನು ಉಳಿಸಿದವಳು, ಓದಿ ನಕ್ಕು, ಓದಿದೆನೆಂದು ಹೇಳಲು ನಾಚದ ಒಬ್ಬ ಹೆಣ್ಣುಮಗಳು.