ಮಳವಳ್ಳಿಯ ಬಯಲಿನಿಂದ ತಂತಿಯ ಕ್ಷಿಪಣಿಗೆ

ಬೆಂಗಳೂರು–ಮೈಸೂರು ಹಾದಿಯ ಪ್ರಯಾಣಿಕರಿಗೆ ಮದ್ದೂರೆಂದರೆ ವಡೆ, ಮಂಡ್ಯವೆಂದರೆ ಸಕ್ಕರೆ. ಮದ್ದೂರಿನಲ್ಲಿ ಎಡಕ್ಕೆ ಹೊರಳಿ ಕಬ್ಬು, ರಾಗಿ, ಹಿಪ್ಪುನೇರಳೆ ತೋಟಗಳ ನಡುವೆ ಸುಮಾರು 25 ಕಿ.ಮೀ. ಸಾಗಿದರೆ ಮಳವಳ್ಳಿ. ಶಿವನಸಮುದ್ರದ ಜಲಪಾತಕ್ಕೆ ಹೊರಟವರು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ. ಆದರೆ ಶಾಲೆಗೆ ಹೋಗುವ ಮಕ್ಕಳು ಜೊತೆಗಿದ್ದರೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ಸೈನ್ಯವನ್ನು ಟಿಪ್ಪು ಸುಲ್ತಾನ್ ಎದುರಿಸಿದ್ದು ಮಳವಳ್ಳಿಯ ಬಳಿ. ಅಂದು ಮೈಸೂರು ಸೈನ್ಯ ಹಿಂದೆ ಸರಿಯಬೇಕಾಯಿತು. ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನಲ್ಲಿ, ಮುಂದೆ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿಯ ಪಡೆ ಕತ್ತಲಲ್ಲಿ ದಿಕ್ಕೆಟ್ಟಿತು. ಅಲ್ಲಿ ಅವರ ಮೇಲೆ ಎರಗಿದ್ದು ಮೈಸೂರಿನ ರಾಕೆಟ್‌ಗಳು.

ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಬಿದಿರಿನ ಗಳು ಕಟ್ಟಿದ ಈ ರಾಕೆಟ್‌ಗಳಲ್ಲಿ ಕೆಲವು ಎರಡು ಕಿ.ಮೀ.ವರೆಗೂ ಹಾರುತ್ತಿದ್ದವು. ಕಬ್ಬಿಣ ಹೆಚ್ಚು ಒತ್ತಡ ತಾಳುತ್ತಿದ್ದುದೇ ಇದರ ಗುಟ್ಟು. ಕೊರತೆಯೂ ಇತ್ತು: ಒಮ್ಮೆ ಕಿಡಿ ಹೊತ್ತಿಸಿದ ಮೇಲೆ ಅದರ ದಿಕ್ಕು ತಿದ್ದಲು ಯಾರಿಗೂ ಸಾಧ್ಯವಿರಲಿಲ್ಲ.

ಆ ಕೊರತೆ ನೀಗಿಸಿದ ಉಪಾಯಗಳಲ್ಲಿ ಒಂದು ತಂತಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ತೊಡಗಿದ ಪ್ರಯೋಗವನ್ನು ಫ್ರೆಂಚರು 1950ರ ದಶಕದಲ್ಲಿ ಕೈಗೂಡಿಸಿದರು. ಟ್ಯಾಂಕಿನತ್ತ ಹಾರುವ ಕ್ಷಿಪಣಿಯ ಹಿಂದೆ ನವಿರಾದ ತಂತಿ ಗಾಳಿಪಟದ ದಾರದಂತೆ ಬಿಚ್ಚಿಕೊಳ್ಳುತ್ತದೆ. ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಎಂಬ ಸೂಚನೆ ಅದರ ಮೂಲಕವೇ ಹೋಗುತ್ತದೆ. ‘ಮಿಲಾನ್’ ಎಂಬ ಕ್ಷಿಪಣಿ ಎರಡು ಕಿ.ಮೀ. ಕ್ರಮಿಸಲು ಸುಮಾರು ಹನ್ನೆರಡು ಸೆಕೆಂಡು ಬೇಕು. ಟಿಪ್ಪುವಿನ ರಾಕೆಟ್ ಮುಟ್ಟುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ ದೂರ! ಆದರೆ ಆ ಹನ್ನೆರಡು ಸೆಕೆಂಡು ಸೈನಿಕ ಕದಲದೆ ಗುರಿಯ ಮೇಲೆ ಕಣ್ಣಿಟ್ಟಿರಬೇಕು. ಶತ್ರುವಿಗೆ ಅವನು ಕಂಡರೆ ಜೀವಕ್ಕೇ ಅಪಾಯ.

ಮೈಸೂರಿನ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಒಯ್ದರು. ಅವುಗಳ ಜಾಡು ಹಿಡಿದು ವಿಲಿಯಂ ಕಾಂಗ್ರೀವ್ ವುಲಿಚ್‌ನಲ್ಲಿ ಹೊಸ ರಾಕೆಟ್ ರೂಪಿಸಿದ. ನಮ್ಮಲ್ಲಿ ವಿದ್ಯೆ ಮುಂದುವರಿಯಲಿಲ್ಲ. 1970ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಭಾರತ್ ಡೈನಾಮಿಕ್ಸ್, ತಂತಿಯ ಕ್ಷಿಪಣಿಗಳನ್ನು ಫ್ರಾನ್ಸಿನ ಪರವಾನಗಿ ಪಡೆದೇ ತಯಾರಿಸಬೇಕಾಯಿತು. 1983ರಲ್ಲಿ ಆರಂಭವಾದ ಕ್ಷಿಪಣಿ ಯೋಜನೆಯಲ್ಲಿ ರೂಪುಗೊಂಡ ಸ್ವದೇಶಿ ‘ನಾಗ್’ಗೆ ತಂತಿಯೇ ಬೇಡ, ಗುರಿಯ ಶಾಖದ ಬಿಂಬವನ್ನು ತಾನೇ ಹಿಂಬಾಲಿಸುತ್ತದೆ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಬಾವಿಯ ಕೆಸರಿನಲ್ಲಿ ಹೂತದ್ದು ಬರೀ ಕಬ್ಬಿಣವಲ್ಲ, ಅದನ್ನು ಮಾಡಿದವರ ಕಸುಬು ಕೂಡ. ಕಲಿತದ್ದನ್ನು ಮುಂದಿನವರಿಗೆ ದಾಟಿಸದಿದ್ದರೆ ಏನಾಗುತ್ತದೆ ಎಂಬುದನ್ನು ಮಕ್ಕಳಿಗೆ ತಿಳಿಸಲು ಮಳವಳ್ಳಿಗಿಂತ ಒಳ್ಳೆಯ ತಾಣ ಬೇಕೆ?