ಏಕಾಂತವೂ ಜಾತ್ರೆಯೂ

ಕಥಾರಸವನ್ನು ಸವಿಯುವ ಮಾರ್ಗಗಳು ಮುಖ್ಯವಾಗಿ ಎರಡು. ರಂಗದ ಮುಂದೆ ಸಾವಿರ ಜನರ ನಡುವೆ ಕುಳಿತು, ಅವರ ನಗೆಯೊಡನೆ ನಕ್ಕು, ಅವರ ನಿಟ್ಟುಸಿರಿನೊಡನೆ ನಿಟ್ಟುಸಿರಿಟ್ಟು ಸವಿಯುವುದು ಒಂದು. ಮನೆಮಂದಿಯೆಲ್ಲ ಮಲಗಿದ ಮೇಲೆ ದೀಪವನ್ನು ಹತ್ತಿರಕ್ಕೆಳೆದುಕೊಂಡು ಒಬ್ಬನೇ ಗ್ರಂಥದಲ್ಲಿ ಮುಳುಗುವುದು ಇನ್ನೊಂದು. ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬ ವಿಚಾರ ನಿರರ್ಥಕ. ಆದರೆ ಏಕಾಂತಕ್ಕಾಗಿಯೇ ಹುಟ್ಟಿದ ಕಥೆಯೊಂದನ್ನು ಅದರ ಒಡೆಯರೇ ಜಾತ್ರೆಯ ಬಯಲಿಗೆ ತಂದು ನಿಲ್ಲಿಸುವೆವೆಂದು ಸಾರಿದರೆ, ಅದನ್ನು ಬಹುಕಾಲದಿಂದ ಪ್ರೀತಿಸಿದವರ ಮನಸ್ಸು ಕಲಕುವುದು ಸ್ವಾಭಾವಿಕ. 2012ನೆಯ ಇಸವಿಯ ಮೇ ತಿಂಗಳಲ್ಲಿ ಅಮೆರಿಕಾದಲ್ಲಿ ನಡೆದುದು ಇದೇ. ಆ ಕಥೆಯ ಹೆಸರು ‘ಎಲ್ಡರ್ ಸ್ಕ್ರೋಲ್ಸ್’. ಅದು ಗ್ರಂಥವಲ್ಲ, ಕಂಪ್ಯೂಟರಿನಲ್ಲಿ ಆಡುವ ಆಟ. ಆಟವೆಂದ ಮಾತ್ರಕ್ಕೆ ಹುಬ್ಬು ಗಂಟಿಕ್ಕಬೇಕಾಗಿಲ್ಲ. ಪಗಡೆಯ ಹಾಸಿನ ಮೇಲೆ ಒಂದು ಮಹಾಕಾವ್ಯದ ಗತಿಯೇ ತಿರುಗಿದುದನ್ನು ಬಲ್ಲ ವಾಚಕರಿಗೆ ಆಟದ ಮಹಿಮೆಯನ್ನು ಬೇರೆಯವರು ಹೇಳಿಕೊಡಬೇಕೆ?

ಮೇರಿಲೆಂಡ್ ಪ್ರಾಂತ್ಯದ ಬೆಥೆಸ್ಡಾ ಎಂಬ ಕಂಪೆನಿಯು ಈ ಮಾಲೆಯ ಮೊದಲನೆಯ ಆಟವಾದ ‘ಅರೀನಾ’ವನ್ನು 1994ರಲ್ಲಿ ಹೊರತಂದಿತು. 1996ರಲ್ಲಿ ‘ಡ್ಯಾಗರ್‌ಫಾಲ್’, 2002ರಲ್ಲಿ ‘ಮೊರೋವಿಂಡ್’, 2006ರಲ್ಲಿ ‘ಒಬ್ಲಿವಿಯನ್’, 2011ರ ನವೆಂಬರ್ 11ರಂದು ‘ಸ್ಕೈರಿಮ್’ ಬಂದುವು. ಇವೆಲ್ಲವೂ ಟ್ಯಾಮ್ರಿಯೆಲ್ ಎಂಬ ಒಂದೇ ಕಲ್ಪಿತ ಖಂಡದ ವೃತ್ತಾಂತಗಳು. ಸಾಮಾನ್ಯವಾಗಿ ಆಟದ ಮೊದಲಲ್ಲಿ ಆಡುವವನು ಒಬ್ಬ ಸೆರೆಯಾಳು. ಬಂಧನದಿಂದ ಹೊರಬಿದ್ದ ಮೇಲೆ ಅವನ ಕುಲ, ವಿದ್ಯೆ, ಶೀಲ ಎಲ್ಲವೂ ಅವನೇ ಆರಿಸಿಕೊಂಡುವು. ಪ್ರಧಾನವಾದ ಕಥೆಯೊಂದು ಇದ್ದೇ ಇದೆ. ಆದರೆ ಅದನ್ನು ಬದಿಗಿಟ್ಟು ಬೆಟ್ಟದ ಮೇಲೆ ಹೂ ಕೊಯ್ದು ಔಷಧಿಯನ್ನು ಅರೆಯುತ್ತ ಕುಳಿತರೂ ಕೇಳುವವರಿಲ್ಲ. ಅಲ್ಲಿಯ ಮನೆಗಳಲ್ಲಿಯೂ ಗವಿಗಳಲ್ಲಿಯೂ ನೂರಾರು ಪುಸ್ತಕಗಳಿವೆ. ಅವನ್ನು ತೆರೆದು ಓದಬಹುದು. ರೆಡ್ ಮೌಂಟನ್ ಎಂಬ ಬೆಟ್ಟದ ಬಳಿ ನಡೆದ ಪುರಾತನ ಯುದ್ಧವನ್ನು ಒಂದು ಪುಸ್ತಕ ಒಂದು ಬಗೆಯಾಗಿ ಹೇಳಿದರೆ, ಮತ್ತೊಂದು ಅದಕ್ಕೆ ವಿರುದ್ಧವಾಗಿ ಹೇಳುತ್ತದೆ. ಪುರಾಣಗಳ ಪಾಠಾಂತರಗಳಲ್ಲಿ ತೊಳಲಿದವರಿಗೆ ಇದು ಅಪರಿಚಿತವೆನಿಸದು. ದಿಟ ಯಾವುದೆಂದು ಆಟ ಹೇಳುವುದಿಲ್ಲ, ನಿರ್ಣಯ ಆಡುವವನದು.

ಇಂತಹ ಲೋಕವನ್ನು ಸಹಸ್ರಾರು ಜನರು ಏಕಕಾಲದಲ್ಲಿ ಪ್ರವೇಶಿಸುವಂತೆ ಮಾಡುವುದೇ ಹೊಸ ಸಂಕಲ್ಪವಾಗಿತ್ತು. ಈ ಕೆಲಸಕ್ಕಾಗಿ ಬೆಥೆಸ್ಡಾದ ಮಾತೃಸಂಸ್ಥೆಯಾದ ಜೆನಿಮ್ಯಾಕ್ಸ್ 2007ರಲ್ಲಿಯೇ ಪ್ರತ್ಯೇಕವಾದ ಒಂದು ಶಾಖೆಯನ್ನು ಸ್ಥಾಪಿಸಿತ್ತು. ಅದರ ಮುಖ್ಯಸ್ಥರಾದ ಮ್ಯಾಟ್ ಫಿರೋರ್ ಅವರು ಹಿಂದೆ ‘ಡಾರ್ಕ್ ಏಜ್ ಆಫ್ ಕ್ಯಾಮೆಲಾಟ್’ ಎಂಬ ಬಹುಜನರ ಆಟವನ್ನು ಕಟ್ಟಿದವರಲ್ಲಿ ಒಬ್ಬರು. ಹೊಸ ಆಟದ ಕಾಲ ಸ್ಕೈರಿಮ್ ಕಥೆಗೆ ಸುಮಾರು ಸಾವಿರ ವರ್ಷ ಹಿಂದೆ. ಖಂಡದ ಜನಾಂಗಗಳು ಮೂರು ಪಕ್ಷಗಳಾಗಿ ಒಡೆದು ಸಿಂಹಾಸನಕ್ಕಾಗಿ ಹೋರಾಡುತ್ತಿರುವ ಸಂದರ್ಭ.

ವಾರ್ತೆಯನ್ನು ಕೇಳಿ ಹಳೆಯ ಅಭಿಮಾನಿಗಳು ಹಿಗ್ಗಿದುದಕ್ಕಿಂತ ಹೆಚ್ಚಾಗಿ ಅಂಜಿದರು. ಅವರ ಆಕ್ಷೇಪಗಳನ್ನು ಪೂರ್ವಪಕ್ಷವಾಗಿ ಕ್ರಮದಿಂದ ಇಡುವುದು ಉಚಿತ.

ಮೊದಲನೆಯದು ನಾಯಕನ ವಿಚಾರ. ಸ್ಕೈರಿಮ್‌ನಲ್ಲಿ ಆಡುವವನು ನಾಗರಕ್ತದ ಅಂಶವುಳ್ಳ ಅದ್ವಿತೀಯ ವೀರ; ಮೊರೋವಿಂಡ್‌ನಲ್ಲಿ ಭವಿಷ್ಯವಾಣಿಯೊಂದು ಅವನಿಗಾಗಿಯೇ ಕಾದಿದೆ. ಇಂಥವರು ಒಂದೇ ಊರಿನ ಚೌಕದಲ್ಲಿ ಐನೂರು ಮಂದಿ ಕೂಡಿದರೆ ಗತಿಯೇನು? ಸ್ವಯಂವರದ ಮಂಟಪದಲ್ಲಿ ಬಿಲ್ಲು ಮುರಿದವನು ಒಬ್ಬನಾದುದರಿಂದಲೇ ಅದು ಕಥೆಯಾಯಿತು. ಬಂದ ಅರಸರೆಲ್ಲ ಸಾಲಾಗಿ ನಿಂತು ಒಬ್ಬರಾದ ಮೇಲೆ ಒಬ್ಬರು ಅದನ್ನೇ ಮುರಿದು ಹೋದರೆ, ಉಳಿಯುವುದು ಬಡಗಿಯ ಲೆಕ್ಕ ಮಾತ್ರ.

ಎರಡನೆಯದು ಏಕಾಂತಭಂಗ. ಹಿಮದ ಹಾದಿಯಲ್ಲಿ ಒಬ್ಬನೇ ನಡೆದು, ಯಾರೂ ಕಾಣದ ಗವಿಯೊಂದನ್ನು ತಾನೇ ಮೊದಲು ಕಂಡೆನೆಂಬ ಭಾವವೇ ಈ ಆಟಗಳ ಜೀವಾಳ. ಆ ಗವಿಯ ಬಾಗಿಲಲ್ಲಿ ಹತ್ತು ಜನ ನಿಂತು ಪೇಟೆಯ ಮಾತನ್ನಾಡುತ್ತಿದ್ದರೆ, ಒಳಗಿನ ರಾಕ್ಷಸನು ಸತ್ತ ಕೆಲವು ನಿಮಿಷಗಳಲ್ಲಿಯೇ ಮುಂದಿನವರಿಗಾಗಿ ಮತ್ತೆ ಎದ್ದು ನಿಂತರೆ, ಭಯವೆಲ್ಲಿ, ವಿಸ್ಮಯವೆಲ್ಲಿ? ವಿಭಾವವೇ ಕೆಟ್ಟ ಮೇಲೆ ರಸನಿಷ್ಪತ್ತಿಗೆ ಅವಕಾಶವಿಲ್ಲ.

ಮೂರನೆಯದು ಸ್ವಾತಂತ್ರ್ಯ. ಮೊರೋವಿಂಡ್ ಆಟದೊಡನೆ ಅದನ್ನು ತಿದ್ದುವ ಉಪಕರಣವನ್ನೂ ಕಂಪೆನಿ ಜನರ ಕೈಗೆ ಕೊಟ್ಟಿತ್ತು. ಅಂದಿನಿಂದ ಅಭಿಮಾನಿಗಳು ಹೊಸ ಊರು, ಹೊಸ ಪಾತ್ರ, ಹೊಸ ಕಥೆಗಳನ್ನು ರಚಿಸಿ ಸೇರಿಸುತ್ತ ಬಂದರು. ಇವಕ್ಕೆ ಮಾಡ್‌ಗಳೆಂದು ಹೆಸರು. ಎಲ್ಲರಿಗೂ ಸಾಧಾರಣವಾದ ಲೋಕದಲ್ಲಿ ಒಬ್ಬನ ಇಚ್ಛೆಯಂತೆ ಬೆಟ್ಟವನ್ನು ಕದಲಿಸಲಾಗದು. ನಾಲ್ಕನೆಯದು ಹಣ: ಒಮ್ಮೆ ಕೊಂಡರೆ ಮುಗಿಯುತ್ತಿದ್ದ ಆಟಕ್ಕೆ ಇನ್ನು ತಿಂಗಳು ತಿಂಗಳೂ ಚಂದಾ.

ಈ ಭೀತಿಗೆ ಪೂರ್ವನಿದರ್ಶನವೂ ಇತ್ತು. ರಿಚರ್ಡ್ ಗ್ಯಾರಿಯಟ್ ಅವರ ‘ಅಲ್ಟಿಮಾ’ ಮಾಲೆಯಲ್ಲಿ, ವಿಶೇಷವಾಗಿ 1985ರ ನಾಲ್ಕನೆಯ ಆಟದಲ್ಲಿ, ಆಡುವವನ ಗುರಿ ಶತ್ರುಸಂಹಾರವಲ್ಲ. ಕರುಣೆ, ಸತ್ಯ, ವಿನಯ ಮೊದಲಾದ ಎಂಟು ಗುಣಗಳ ಸಾಧನೆ. ಅದೇ ಬ್ರಿಟಾನಿಯಾ ದೇಶ 1997ರಲ್ಲಿ ‘ಅಲ್ಟಿಮಾ ಆನ್‌ಲೈನ್’ ಆಗಿ ಎಲ್ಲರಿಗೂ ತೆರೆದುಕೊಂಡಾಗ, ಬಂದವರಲ್ಲಿ ಅನೇಕರು ಹೊಸಬರನ್ನು ಕೊಂದು ಸುಲಿಯುವುದನ್ನೇ ವೃತ್ತಿಯಾಗಿಸಿಕೊಂಡರು. ಕಾಡಿನ ಮೃಗಗಳಿಗಾಗಿ ನಿರ್ಮಾಪಕರು ಯೋಜಿಸಿದ್ದ ಆಹಾರಸರಪಣಿಯು, ಕಂಡ ಪ್ರಾಣಿಯನ್ನೆಲ್ಲ ಕೊಲ್ಲುವ ಜನಸಂದಣಿಯ ಮುಂದೆ ನಿಲ್ಲಲಿಲ್ಲ. ಕೊನೆಗೆ 2000ದಲ್ಲಿ ಲೋಕವನ್ನೇ ಎರಡಾಗಿ ಮಾಡಿ, ಒಂದರಲ್ಲಿ ಪರಸ್ಪರ ಹಿಂಸೆಯನ್ನು ನಿಷೇಧಿಸಬೇಕಾಯಿತು. ಧರ್ಮದ ಕಥೆಯನ್ನು ಒಬ್ಬನಿಗೆ ಬೋಧಿಸುವುದು ಸುಲಭ. ಜನಸ್ತೋಮವನ್ನು ಅದರಂತೆ ನಡೆಯಿಸುವುದು ದುಸ್ಸಾಧ್ಯ.

ಇನ್ನು ಫಲಿತವೇನಾಯಿತೆಂಬುದನ್ನು ನೋಡಬೇಕು. ‘ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ 2014ರ ಏಪ್ರಿಲ್ 4ರಂದು ಪ್ರಕಟವಾಯಿತು. ಚಂದಾ ತಿಂಗಳಿಗೆ 15 ಡಾಲರಿಗೆ ಒಂದು ಸೆಂಟು ಕಡಮೆ. ಅಂಜಿದುದರಲ್ಲಿ ಅರ್ಧ ನಿಜವಾಯಿತು. ಒಬ್ಬೊಬ್ಬನ ಕಾರ್ಯಕ್ಕೆ ಒಂದೊಂದು ಫಲ ತೋರಬೇಕೆಂದು ನಿರ್ಮಾಪಕರು ಒಂದು ಉಪಾಯ ಹೂಡಿದ್ದರು: ಹಳ್ಳಿಯನ್ನು ಉಳಿಸಿದವನಿಗೆ ಅದು ನೆಟ್ಟಗಿರುವಂತೆ, ಇನ್ನೂ ಉಳಿಸದವನಿಗೆ ಉರಿಯುತ್ತಿರುವಂತೆ ಕಾಣುತ್ತಿತ್ತು. ಇದರಿಂದ ಕೂಡಿ ಆಡಬಂದ ಗೆಳೆಯರಿಬ್ಬರು ಒಂದೇ ಸ್ಥಳದಲ್ಲಿದ್ದರೂ ಒಬ್ಬರನ್ನೊಬ್ಬರು ಕಾಣದಂತಾಯಿತು. ಏಕಾಂತ ಬಯಸಿದವನಿಗೆ ಏಕಾಂತವಿಲ್ಲ, ಸಂಗ ಬಯಸಿದವನಿಗೆ ಸಂಗವಿಲ್ಲ.

ಆದರೆ ನಿರ್ಮಾಪಕರು ಹಟ ಹಿಡಿಯಲಿಲ್ಲ. 2012ರಲ್ಲಿ ಬೆನ್ನ ಹಿಂದಿನ ನೋಟವನ್ನು ಮಾತ್ರ ತೋರಿಸಿದ್ದ ಆಟಕ್ಕೆ, ಅಭಿಮಾನಿಗಳ ಒತ್ತಾಯದಿಂದ, ಪಾತ್ರದ ಕಣ್ಣಿನಿಂದಲೇ ಲೋಕವನ್ನು ನೋಡುವ ಹಳೆಯ ಕ್ರಮವನ್ನು ಪ್ರಕಟಣೆಗೆ ಮೊದಲೇ ಸೇರಿಸಿದ್ದರು. 2015ರ ಮಾರ್ಚ್ 17ರಂದು ಕಡ್ಡಾಯ ಚಂದಾವನ್ನು ಕೈಬಿಟ್ಟರು. 2016ರ ಅಕ್ಟೋಬರಿನಲ್ಲಿ, ಯಾವ ಪಕ್ಷದವನೇ ಆಗಲಿ, ಎಷ್ಟೇ ಬಲವುಳ್ಳವನಾಗಲಿ, ಖಂಡದಲ್ಲಿ ಬೇಕಾದೆಡೆಗೆ ಹೋಗಬಹುದೆಂದು ಬಾಗಿಲು ತೆರೆದರು. ಹಳೆಯ ಆಟಗಳ ತಿರುಳು ಇದೇ ಆಗಿದ್ದಿತು: ಕಣ್ಣಿಗೆ ಕಂಡ ಬೆಟ್ಟಕ್ಕೆ ಕಾಲು ಒಯ್ಯಬೇಕು. ಆಮೇಲೆ ಒಬ್ಬಂಟಿಯಾಗಿಯೇ ನಡೆದು, ಗುಂಪಿನ ಕಡೆ ತಿರುಗಿಯೂ ನೋಡದೆ ಕಥೆಗಳನ್ನು ಮುಗಿಸಿದವರು ಅನೇಕರು. ಜಾತ್ರೆಗೆ ಹೋದವರೆಲ್ಲ ತೇರನ್ನೇ ಎಳೆಯಬೇಕೆಂಬ ನಿಯಮವಿಲ್ಲ; ಕೆರೆಯ ಏರಿಯ ಮೇಲೆ ಸುಮ್ಮನೆ ಕುಳಿತು ಬರುವವರೂ ಉಂಟು.

ಹಾಗಾದರೆ ಅಭಿಮಾನಿಗಳ ಕಳವಳ ಹುಸಿಯೆ? ಹುಸಿಯಲ್ಲ, ಅದು ಬೆರಳು ತೋರಿಸಿದ ಸ್ಥಳ ಮಾತ್ರ ಬೇರೆಯಾಯಿತು. ಜನಸಂದಣಿಯಿಂದ ಕಥೆ ಸಾಯಲಿಲ್ಲ. ಆದರೆ ಅದರ ಆಯುಸ್ಸು ಈಗ ಆಡುವವನ ಕೈಯಲ್ಲಿಲ್ಲ. ಬಹುಜನರ ಆಟವು ಕಂಪೆನಿಯ ಸರ್ವರ್ ಯಂತ್ರಗಳಲ್ಲಿ ವಾಸಿಸುತ್ತದೆ; ಅವು ನಿಂತ ದಿನ ಊರು, ಮನೆ, ಗೆಳೆಯರು ಸಮಸ್ತವೂ ಅಡಗುತ್ತವೆ. 2003ರಲ್ಲಿ ಆರಂಭವಾದ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ 2011ರ ಡಿಸೆಂಬರಿನಲ್ಲಿ ಹೀಗೆಯೇ ಮುಚ್ಚಿತು. ಜೆನಿಮ್ಯಾಕ್ಸ್ ಸಂಸ್ಥೆಯನ್ನು 2021ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಸುಮಾರು 750 ಕೋಟಿ ಡಾಲರಿಗೆ ಕೊಂಡಿತು. 2025ರ ಜುಲೈಯಲ್ಲಿ ಆ ಒಡೆತನದಡಿ ನಡೆದ ಕಡಿತದಲ್ಲಿ ಶಾಖೆಯ ಹೊಸದೊಂದು ಆಟ ರದ್ದಾಯಿತು. ಫಿರೋರ್ ಅವರೂ ನಿರ್ಗಮಿಸಿದರು. 2018ರಲ್ಲಿ ಘೋಷಿತವಾದ ಮೂಲಮಾಲೆಯ ಆರನೆಯ ಆಟ 2025 ಕಳೆಯುವ ತನಕವೂ ಬೆಳಕು ಕಾಣಲಿಲ್ಲ.

ಇದಕ್ಕೆ ಪ್ರತಿಯಾಗಿ 2002ರ ಮೊರೋವಿಂಡ್ ಸಿ.ಡಿ. ಇಂದಿಗೂ ಅನೇಕರ ಕಪಾಟಿನಲ್ಲಿದೆ. ಅದನ್ನು ನಡೆಯಿಸಲು ಯಾರ ಅಪ್ಪಣೆಯೂ ಬೇಡ. ತಂದೆ ಆಡಿದ ಲೋಕವನ್ನು ಮಗಳು ಇಂದು ಪ್ರವೇಶಿಸಬಹುದು. ದೋಣಿಯಿಂದಿಳಿದ ಸೆರೆಯಾಳು ಅದೇ ಸೇಡಾ ನೀನ್ ಹಳ್ಳಿಯಲ್ಲಿ ಹೆಸರು ಬರೆಯಿಸಿ ಹೊರಗೆ ಹೆಜ್ಜೆಯಿಡುತ್ತಾನೆ. ತಾಳೆಗರಿಯ ಗ್ರಂಥವನ್ನು ಮನೆಯಲ್ಲಿಟ್ಟುಕೊಂಡ ಕುಟುಂಬಕ್ಕೂ, ಮಠದ ಬಾಗಿಲು ತೆರೆದಿರುವಷ್ಟು ಹೊತ್ತು ಮಾತ್ರ ಓದಬಲ್ಲವನಿಗೂ ಎಷ್ಟು ವ್ಯತ್ಯಾಸವೋ ಅಷ್ಟೇ ವ್ಯತ್ಯಾಸ ಇಲ್ಲಿಯೂ ಇದೆ. ಜಾತ್ರೆ ನಡೆಯಲಿ, ಅದರ ಸಂತೋಷವೂ ಸಣ್ಣದಲ್ಲ. ಆದರೆ ತನ್ನ ಪ್ರೀತಿಯ ಕಥೆಯ ಪ್ರತಿಯೊಂದು ತನ್ನ ಮನೆಯಲ್ಲಿರಬೇಕೆಂದು ಬಯಸುವವನ ಬಯಕೆ ನ್ಯಾಯವಾದುದೇ. ಆಟವನ್ನು ಕಟ್ಟುವವರು ಅದನ್ನು ಮರೆಯದಿರುವುದು ಲೇಸು.