ಸೈಟು ಯಾರ ಹೆಸರಲ್ಲಿದೆ?

ಬೆಂಗಳೂರಿನಲ್ಲಿ 'ಸೈಟು' ಅಂದ ಕೂಡಲೇ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಮೂವತ್ತು ನಲವತ್ತಾ, ಇಪ್ಪತ್ತು ಮೂವತ್ತಾ? ಎ ಖಾತಾನಾ, ಬಿ ಖಾತಾನಾ? ಪತ್ರ ಯಾರ ಹೆಸರಲ್ಲಿದೆ, ಲಾಯರಿಗೆ ತೋರಿಸಿದ್ರಾ? ಟೀ ಕುಡಿದು ಮುಗಿಸುವಷ್ಟರಲ್ಲಿ ನೂರು ಪ್ರಶ್ನೆ. ಅದೇ ಜನ ತಮ್ಮ ಅಂಗಡಿಗೋ ಹೋಂಸ್ಟೇಗೋ ವೆಬ್‌ಸೈಟು ಮಾಡಿಸುವಾಗ ಕೇಳುವುದು ಎರಡೇ ಪ್ರಶ್ನೆ. ಒಂದು, "ಎಷ್ಟಾಗುತ್ತೆ?" ಎರಡು, "ಲೋಗೋ ತಿರುಗೋ ಹಾಗೆ ಮಾಡಬಹುದಾ?"

ಯಾರ ಹೆಸರಲ್ಲಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಅಕ್ಕ, ಭಾವ ಸಾಗರದ ಹತ್ತಿರದ ಹಳ್ಳಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅಪ್ಪೆಮಿಡಿ ಗೊತ್ತಿಲ್ಲದವರು ಮಲೆನಾಡಿನ ಯಾರನ್ನಾದರೂ ಕೇಳಿ, ಅರ್ಧ ಗಂಟೆ ಬಿಡುವು ಮಾಡಿಕೊಂಡು ಕೇಳಿ. ಹೊಳೆ ಬದಿಯ ಮರಗಳ ಎಳೆ ಮಾವು ಅದು. ಸೊನೆಯಲ್ಲೇ ಅದರ ಪರಿಮಳ. ಮಿಡಿ ಸಿಗುವುದು ವರ್ಷಕ್ಕೆ ಕೆಲವೇ ವಾರ. ಅಷ್ಟರಲ್ಲಿ ಕೊಯ್ಯಿಸಿ, ಉಪ್ಪಿಗೆ ಹಾಕಿ ಇಟ್ಟರೆ ಇಡೀ ವರ್ಷದ ವ್ಯಾಪಾರ, ಇಲ್ಲದಿದ್ದರೆ ಮುಂದಿನ ವರ್ಷ ನೋಡಬೇಕು ಅಷ್ಟೇ. ಕಷ್ಟವೆಲ್ಲ ಅಕ್ಕನದು, ಮಾತೆಲ್ಲ ಭಾವನದು.

2016ರಲ್ಲಿ ಪೇಟೆಯ ಒಬ್ಬ ಹುಡುಗ ಇವರಿಗೆ ಒಂದು ವೆಬ್‌ಸೈಟು ಮಾಡಿಕೊಟ್ಟಿದ್ದ. ಒಳ್ಳೆಯ ಹುಡುಗ, ಕಡಿಮೆ ದುಡ್ಡಿಗೆ ಮಾಡಿದ್ದ. ಡೊಮೈನ್ ಹೆಸರನ್ನು ತನ್ನದೇ ಮಿಂಚಂಚೆ ಕೊಟ್ಟು, ತನ್ನದೇ ಖಾತೆಯಲ್ಲಿ ಕೊಂಡಿದ್ದ. ವರ್ಷ ವರ್ಷ ಅವನೇ ನವೀಕರಿಸಿ ಭಾವನ ಹತ್ತಿರ ದುಡ್ಡು ತೆಗೆದುಕೊಳ್ಳುತ್ತಿದ್ದ. ಆಮೇಲೆ ಅವನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು, ಹಳೆಯ ಮಿಂಚಂಚೆ ನೋಡುವುದು ಬಿಟ್ಟ. "ಅವಧಿ ಮುಗಿಯುತ್ತಿದೆ" ಅಂತ ಕಂಪನಿ ಕಳಿಸಿದ ಎಚ್ಚರಿಕೆಗಳೆಲ್ಲ ಆ ಅಂಚೆ ಡಬ್ಬಿಯಲ್ಲೇ ಬಿದ್ದಿದ್ದವು. ಅವನೇನೂ ಮೋಸ ಮಾಡಲಿಲ್ಲ. ಆದರೆ ಮೋಸವೇ ಇಲ್ಲದೆಯೂ ಸೈಟು ಹೋಗುತ್ತದೆ ನೋಡಿ!

2023ರಲ್ಲಿ, ಮಿಡಿ ಕೊಯ್ಲಿನ ಹೊತ್ತಲ್ಲೇ, ಮೈಸೂರಿನಿಂದ ಹಳೇ ಗಿರಾಕಿ ಒಬ್ಬರು ಅಕ್ಕನಿಗೆ ಫೋನ್ ಮಾಡಿದರು. "ಏನಮ್ಮಾ, ಉಪ್ಪಿನಕಾಯಿ ಬಿಟ್ಟು ಜೂಜಾಡ್ಸೋಕೆ ಶುರು ಮಾಡಿದ್ರಾ?" ತೆರೆದು ನೋಡಿದರೆ ಹೌದು! ಇವರ ವಿಳಾಸದಲ್ಲಿ ಇಸ್ಪೀಟಿನ ಎಲೆ, ಬಣ್ಣದ ಚಕ್ರ, "ಈಗಲೇ ಆಡಿ" ಅನ್ನುವ ಗುಂಡಿ. ಮನೆಯಲ್ಲಿ ಆ ವಿಳಾಸ ಅಚ್ಚಾಗಿದ್ದ ಮೂರು ಸಾವಿರ ಲೇಬಲ್ಲು.

"ನಮ್ಮ ಹೆಸರು ಅವರು ಹೆಂಗೆ ತಗಂಡ್ರು ಮಾರಾಯ? ಪೊಲೀಸರಿಗೆ ಹೇಳನ?" ಅಂದರು ಭಾವ.

ಹೇಳಿ ಪ್ರಯೋಜನ ಇರಲಿಲ್ಲ. ಅವಧಿ ಮುಗಿದ ಹೆಸರನ್ನು ದುಡ್ಡು ಕೊಟ್ಟು ಕೊಳ್ಳುವುದು ಕಳ್ಳತನ ಅಲ್ಲ. ಹಳೆಯ ಹೆಸರಿಗೆ ಅಲ್ಲಿ ಇಲ್ಲಿ ಕೊಂಡಿಗಳಿರುತ್ತವೆ, ಹುಡುಕಾಟದಲ್ಲಿ ಒಂದಿಷ್ಟು ಮರ್ಯಾದೆ ಇರುತ್ತದೆ. ಅದನ್ನು ಬಳಸಿಕೊಳ್ಳಲೆಂದೇ ಇಂಥ ಹೆಸರು ಹುಡುಕುವವರಿದ್ದಾರೆ. ಇದು ಎಷ್ಟು ಹೆಚ್ಚಾಯಿತೆಂದರೆ 2024ರ ಮಾರ್ಚ್‌ನಲ್ಲಿ ಗೂಗಲ್ ಇದನ್ನು ತನ್ನ ಸ್ಪ್ಯಾಮ್ ನಿಯಮಗಳಲ್ಲೇ ಹೆಸರಿಸಿ ಸೇರಿಸಿತು.

ಹಳ್ಳಿಯವರು, ಗೊತ್ತಾಗಲಿಲ್ಲ ಅನ್ನಬೇಡಿ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿಯೇ ತನ್ನ ಪಾಸ್‌ಪೋರ್ಟ್ ಡಾಟ್ ಕಾಂ ಹೆಸರಿನ ಹಣ ಕಟ್ಟಲು ಮರೆತಿತ್ತು. ಹಾಟ್‌ಮೇಲ್‌ಗೆ ಲಾಗಿನ್ ಆಗಲು ಆ ಹೆಸರೇ ಬೇಕಿತ್ತು. ಕ್ರಿಸ್‌ಮಸ್ ಹೊತ್ತಿಗೆ ಜನ ಪರದಾಡುವಾಗ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ತನ್ನ ಕ್ರೆಡಿಟ್ ಕಾರ್ಡಿನಿಂದ 35 ಡಾಲರ್ ಕಟ್ಟಿ ಸರಿ ಮಾಡಿದ. ಆವತ್ತಿಗೆ ಜಗತ್ತಿನ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿಯ ಕತೆ ಇದು!

ಹಾಗಾಗಿ ಯಾರಾದರೂ ವೆಬ್‌ಸೈಟಿನ ಬಗ್ಗೆ ಸಲಹೆ ಕೇಳಿದರೆ ನಾನು ಬಣ್ಣ, ಲೋಗೋಗಳ ಸುದ್ದಿಗೆ ಆಮೇಲೆ ಬರುತ್ತೇನೆ. ಮೊದಲು ಪತ್ರ ನೋಡೋಣ ಅನ್ನುತ್ತೇನೆ. ಡೊಮೈನ್ ಹೆಸರು ಮಾಲೀಕರ ಹೆಸರಲ್ಲಿ, ಅವರು ದಿನಾ ನೋಡುವ ಮಿಂಚಂಚೆಯಲ್ಲಿ, ಅವರ ಫೋನ್ ನಂಬರಿನಲ್ಲಿ ಇರಬೇಕು. ಪಾಸ್‌ವರ್ಡ್ ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಬೇಕು. ಡಾಟ್ ಕಾಂ ಹೆಸರನ್ನು ಒಮ್ಮೆಗೆ ಹತ್ತು ವರ್ಷದ ತನಕ ಕೊಳ್ಳಬಹುದು, ಐದು ವರ್ಷಕ್ಕಾದರೂ ಕೊಂಡುಬಿಡಿ. ಅವಧಿ ಮುಗಿದ ದಿನವೇ ಹೆಸರು ಕೈಬಿಡುವುದಿಲ್ಲ, ಸಾಮಾನ್ಯವಾಗಿ ಕೆಲವು ದಿನ ವಾಯಿದೆ ಸಿಗುತ್ತದೆ. ಅಳಿಸಿದ ಮೇಲೂ ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ. ಅಷ್ಟರೊಳಗೆ ಎಚ್ಚರಾದರೆ ಬಚಾವ್. ಎಚ್ಚರಿಸುವ ಪತ್ರ ನಿಮಗೇ ಬರಬೇಕು, ಸೈಟು ಕಟ್ಟಿದ ಮೇಸ್ತ್ರಿಗಲ್ಲ.

"ಅದ್ಯಾವ ರಗಳೆ, ಫೇಸ್‌ಬುಕ್ಕು ಇನ್‌ಸ್ಟಾಗ್ರಾಮ್ ಇದೆಯಲ್ಲ, ಪುಕ್ಕಟೆ!" ಅನ್ನುವವರಿದ್ದಾರೆ. ಇರಲಿ, ಇಟ್ಟುಕೊಳ್ಳಿ, ಬೇಡ ಅನ್ನಲ್ಲ. ಆದರೆ ಅದು ಜಾತ್ರೆಯಲ್ಲಿ ಹಾಕಿದ ಅಂಗಡಿ. ಜನ ಅಲ್ಲಿರುತ್ತಾರೆ, ವ್ಯಾಪಾರವೂ ಆಗುತ್ತದೆ, ಜಾತ್ರೆ ಮುಗಿದರೆ ಗೂಟ ಕೀಳಬೇಕು. ಆರ್ಕುಟ್ ನೆನಪಿದೆ ತಾನೇ? ನಾವೆಲ್ಲ ಅಲ್ಲಿ ಕನ್ನಡದ ಕಮ್ಯೂನಿಟಿ ಕಟ್ಟಿಕೊಂಡು ಮೆರೆದವರೇ. 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಟಿಕ್‌ಟಾಕ್‌ನಲ್ಲಿ ಸೀರೆ ಮಾರುತ್ತಿದ್ದವರಿಗೆ 2020ರ ಜೂನ್ 29ರ ರಾತ್ರಿ ಅಂಗಡಿಯೇ ಇಲ್ಲವಾಯಿತು. ಗೂಗಲ್ ಸಣ್ಣ ಅಂಗಡಿಗಳಿಗೆ ಪುಕ್ಕಟೆ ಕೊಟ್ಟಿದ್ದ ಒಂದು ಪುಟದ ವೆಬ್‌ಸೈಟುಗಳನ್ನೂ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಪುಕ್ಕಟೆ ಜಾಗದಲ್ಲಿ ಕೂತು ಬರೆಯುವ ನಾನೇ ಇದನ್ನು ಹೇಳುವುದು ತಮಾಷೆ ಅನ್ನಿಸಬಹುದು :-) ಆದರೆ ಈ ಬ್ಲಾಗು ಹೋದರೆ ನನ್ನ ಬರಹ ಹೋದೀತು, ಊಟ ಹೋಗುವುದಿಲ್ಲ. ಅಕ್ಕನ ಕತೆ ಹಾಗಲ್ಲ.

ಇನ್ನು ಸೈಟಿನ ಮೇಲೆ ಕಟ್ಟುವ ಮನೆಯ ವಿಷಯ. ಅಕ್ಕನಿಗೆ ಹೊಸ ಹೆಸರು ಕೊಂಡು ಹೊಸದಾಗಿ ಮಾಡುವಾಗ ಹಳೆಯದರ ಪ್ರತಿ ತೆಗೆದು ನೋಡಿದೆ. ಬೆಲೆಪಟ್ಟಿ ಒಂದು ಚಿತ್ರ. ಫೋನ್ ನಂಬರ್ ಒಂದು ಚಿತ್ರ. ಕನ್ನಡದಲ್ಲಿದ್ದದ್ದೆಲ್ಲ ಚಿತ್ರ. ನುಡಿಯಲ್ಲಿ ಬರೆದು ಪ್ರೆಸ್ಸಿಗೆ ಕೊಟ್ಟಿದ್ದ ಕರಪತ್ರವನ್ನೇ ಹಾಗೇ ಏರಿಸಿದ್ದರು.

ಇದರ ಕಷ್ಟ ನಿಮಗೆ ಹೇಳಬೇಕಾಗಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಬೇರೆಯವರ ಕಂಪ್ಯೂಟರಿನಲ್ಲಿ ನಮ್ಮ ಕನ್ನಡ ವಿಚಿತ್ರ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತಿದ್ದ ಕಾಲ ಕಂಡವರು ನಾವು. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಇದೆ. ಆದರೂ ಇವತ್ತಿಗೂ ಪ್ರೆಸ್ಸಿನಿಂದ ಬರುವ ಕಡತ ಹಳೆಯ ಫಾಂಟಿನದೇ, ಅಂಟಿಸಿದರೆ ಅಕ್ಷರ ಕೆಡುತ್ತದೆ ಅಂತ ಚಿತ್ರ ಮಾಡಿ ಹಾಕುತ್ತಾರೆ. ಕಣ್ಣಿಗೆ ಚೆಂದ. ಆದರೆ 'ಅಪ್ಪೆಮಿಡಿ' ಅಂತ ಹುಡುಕಿದವರನ್ನು ಆ ಪುಟಕ್ಕೆ ಕರೆತರುವುದು ಅಕ್ಷರ, ಚಿತ್ರವಲ್ಲ. ಚಿತ್ರದೊಳಗಿನ ನಂಬರನ್ನು ಒತ್ತಿದರೆ ಫೋನ್ ಹೋಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಬರೀ ಗೋಡೆ. ಹಾಗಾಗಿ ಕೂತು ಎಲ್ಲವನ್ನೂ ಮತ್ತೆ ಕೀಲಿಸಿದೆ. ಅರ್ಧ ದಿನದ ಕೆಲಸ.

ಜನ ಹೇಗೆ ಹುಡುಕುತ್ತಾರೆ ಅನ್ನುವುದನ್ನೂ ಯೋಚಿಸಬೇಕು. ಒಬ್ಬರು 'ಅಪ್ಪೆಮಿಡಿ' ಅಂತ ಕೂಡಿಸಿ ಬರೆದರೆ ಇನ್ನೊಬ್ಬರು 'ಅಪ್ಪೆ ಮಿಡಿ' ಅನ್ನುತ್ತಾರೆ, ಮತ್ತೊಬ್ಬರು 'ಮಾವಿನಮಿಡಿ'. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಒಂದು 'ಪಿ' ಹಾಕುತ್ತಾರೋ ಎರಡೋ ದೇವರಿಗೇ ಗೊತ್ತು. ಇವನ್ನೆಲ್ಲ ಪುಟದ ತಳದಲ್ಲಿ ಸಾಲಾಗಿ ಸುರಿಯಬೇಡಿ. ವಾಕ್ಯದೊಳಗೆ ಸಹಜವಾಗಿ ಬರುವಂತೆ ಬರೆಯಿರಿ. ಪುಟದ ಶೀರ್ಷಿಕೆ 'ಮುಖಪುಟ' ಅಂತಲೋ 'ಸ್ವಾಗತ' ಅಂತಲೋ ಇರಬಾರದು, ಹುಡುಕಿದವರಿಗೆ ಮೊದಲು ಕಾಣುವ ಸಾಲು ಅದೇ. 'ಅಪ್ಪೆಮಿಡಿ ಉಪ್ಪಿನಕಾಯಿ, ಸಾಗರ' ಅಂದರೆ ಮುಗಿಯಿತು, ಏನು, ಎಲ್ಲಿ ಎರಡೂ ಬಂತು. ಪುಟದ ಹೊಟ್ಟೆಯೊಳಗೆ 'ಕೀವರ್ಡ್' ತುಂಬಿಸಿ ಕೊಡುತ್ತೇವೆ ಅಂತ ಈಗಲೂ ದುಡ್ಡು ಕೇಳುವವರಿದ್ದಾರೆ. ಶ್ರೇಯಾಂಕಕ್ಕೆ ಆ ಟ್ಯಾಗನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. "ಮೊದಲನೇ ಸ್ಥಾನ ಗ್ಯಾರಂಟಿ" ಅನ್ನುವವರನ್ನು ನಂಬಬೇಡಿ ಅಂತಲೂ ಅದೇ ಹೇಳುತ್ತದೆ.

ಫೋಟೋ. ಭಾವನಿಗೆ ಫೋಟೋ ಹುಚ್ಚು. ಭರಣಿ, ಮರ, ಮಿಡಿ ಕೊಯ್ಯುವವರು, ಎಲ್ಲ ಸೇರಿ ಹನ್ನೆರಡು ಫೋಟೋ ಕಳಿಸಿದರು. ಒಂದೊಂದೂ 4 ಎಂಬಿ, ಒಟ್ಟು 48 ಎಂಬಿ. ಸೆಕೆಂಡಿಗೆ ಒಂದು ಮೆಗಾಬಿಟ್ ಬರುವ ಕಡೆ ಇಷ್ಟು ಇಳಿಯಲು ಆರು ನಿಮಿಷ ದಾಟುತ್ತದೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ಅಳತೆ ಯಾಕೆ, ನಾನು ನೀವಾದರೂ ಅಷ್ಟು ಹೊತ್ತು ಕಾಯುತ್ತೇವಾ? ನಾಲ್ಕೇ ಫೋಟೋ ಉಳಿಸಿ, ಒಂದೊಂದನ್ನೂ 150 ಕೆಬಿ ಆಸುಪಾಸಿಗೆ ಇಳಿಸಿದೆ. "ಚಂದ ಹೋತಲ್ಲ ಮಾರಾಯ" ಅಂದರು ಭಾವ. ಅವರದೇ ಫೋನಿನಲ್ಲಿ, ಸಿಗ್ನಲ್ ಒಂದೇ ಕಡ್ಡಿ ಬರುವ ಅಂಗಳದಲ್ಲಿ ತೆರೆಯಲು ಹೇಳಿದೆ. ಮತ್ತೆ ಮಾತಾಡಲಿಲ್ಲ.

ಗಿರಾಕಿಗೆ ಬೇಕಾದದ್ದು ಮೇಲೆಯೇ ಇರಬೇಕು. ಏನು ಮಾರುತ್ತೀರಿ, ಬೆಲೆ ಎಷ್ಟು, ಎಷ್ಟು ದಿನಕ್ಕೆ ತಲುಪುತ್ತದೆ, ಯಾರಿಗೆ ಫೋನ್ ಮಾಡಬೇಕು. ತಿಂಡಿ ತಿನಿಸು ಮಾರುವವರಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆಯೂ ಕಾಣಲಿ, ಹೊಸಬರಿಗೆ ಧೈರ್ಯ ಬರುತ್ತದೆ. ಅಜ್ಜನ ಕಾಲದಿಂದ ಬಂದ ಪರಂಪರೆಯ ಕತೆ ಕೆಳಗಿರಲಿ. ಕತೆ ಬೇಡ ಅಂತಲ್ಲ, ಉಪ್ಪಿನಕಾಯಿ ಬೇಕು ಅಂತ ಬಂದವರಿಗೆ ಮೊದಲು ಉಪ್ಪಿನಕಾಯಿ ಬಡಿಸಬೇಕು. ಮತ್ತೆ, ಮಿಡಿ ಮುಗಿದಿದ್ದರೆ "ಈ ವರ್ಷದ್ದು ಮುಗಿಯಿತು" ಅಂತ ಅದೇ ದಿನ ಬರೆಯಬೇಕು. ಹಾಗೆ ಬರೆದರೆ ಗಿರಾಕಿ ಹೋಗುತ್ತಾರೆ ಅಂತ ಭಾವನಿಗೆ ಹೆದರಿಕೆ. ಅಕ್ಕ ಹೇಳಿದ್ದು ಬೇರೆ: "ಇಲ್ದೇ ಇರದನ್ನ ಇಲ್ಲೆ ಅಂದ್ರೆ ಯಾರೂ ಸಿಟ್ಟಾಗ್ತ್ವಿಲ್ಲೆ ತಮಾ." ಇಪ್ಪತ್ತು ಮಾರ್ಕೆಟಿಂಗ್ ಪುಸ್ತಕ ಓದಿದರೂ ಇಷ್ಟು ಸರಳವಾಗಿ ಸಿಗಲಿಕ್ಕಿಲ್ಲ.

ಕಡೆಗೆ, 2023ರಲ್ಲಿ ಅಕ್ಕನ ವ್ಯಾಪಾರವನ್ನು ಉಳಿಸಿದ್ದು ನನ್ನ ಹೊಸ ವೆಬ್‌ಸೈಟಲ್ಲ. ಒಂದು ಉದ್ದನೆಯ ನೋಟ್‌ಬುಕ್ಕು. ಪಾರ್ಸೆಲ್ಲಿನ ಮೇಲೆ ವಿಳಾಸ ಬರೆಯುವಾಗೆಲ್ಲ ಅವಳು ಅದರಲ್ಲೂ ಒಂದು ಸಾಲು ಬರೆದಿಡುತ್ತಿದ್ದಳು. ಹೆಸರು, ಊರು, ಫೋನು, "ಖಾರ ಕಮ್ಮಿ", "ಮಗಳ ಮದುವೆಗೆ ಎರಡು ಕೆಜಿ", ಹೀಗೆ. ಏಳು ವರ್ಷದ ಗಿರಾಕಿಗಳೆಲ್ಲ ಅದರಲ್ಲಿದ್ದರು. ವಾಟ್ಸಾಪಿನಲ್ಲಿ ಒಟ್ಟಿಗೇ ಕಳಿಸೋಣ ಅಂದರೆ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದೂ ಅಕ್ಕನ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಅವಳು ರಾತ್ರಿ ಪಾತ್ರೆ ತೊಳೆದ ಮೇಲೆ ಕೂತು ಒಬ್ಬೊಬ್ಬರಿಗೇ ಬರೆದಳು. ಹಳೆಯ ವಿಳಾಸ ಈಗ ನಮ್ಮದಲ್ಲ, ಹೊಸದು ಇದು, ಮಿಡಿ ಬಂದಿದೆ. ಜೊತೆಗೆ ಅವರವರ ಖಾರದ ಲೆಕ್ಕ. ಹದಿನೈದು ದಿನ ಹಿಡಿಯಿತು. ಆ ಸಲದ ಮಿಡಿ ಉಳಿಯಲಿಲ್ಲ. ಮೂರು ಸಾವಿರ ಲೇಬಲ್ಲಿನ ಮೇಲೆ ಮಕ್ಕಳು ಹೊಸ ವಿಳಾಸದ ಚೀಟಿ ಅಂಟಿಸಿದರು.

ಆನ್‌ಲೈನ್ ಮಾರ್ಕೆಟಿಂಗ್ ಅಂತ ಎಷ್ಟೋ ದುಡ್ಡು ಸುರಿಯುತ್ತಾರೆ, ಗೊತ್ತಿಲ್ಲದ ಸಾವಿರ ಜನರ ಮುಂದೆ ಒಂದು ಕ್ಷಣ ಮಿಂಚಲಿಕ್ಕೆ. ಗೊತ್ತಿರುವ ಮುನ್ನೂರು ಜನರ ಪಟ್ಟಿ ನಮ್ಮ ಕೈಯಲ್ಲಿದ್ದರೆ ಜಾತ್ರೆ ಮುಗಿದರೂ ಅಂಗಡಿ ನಡೆಯುತ್ತದೆ. ಜಾಹೀರಾತು ಬೇಡವೆಂದಲ್ಲ, ಪಟ್ಟಿ ಮೊದಲು. ಆ ಪಟ್ಟಿಗೂ ಸೈಟಿನ ಪತ್ರಕ್ಕೂ ಒಂದೇ ನಿಯಮ, ಎರಡೂ ನಿಮ್ಮ ಕೈಯಲ್ಲೇ ಇರಬೇಕು.

ಬ್ಲಾಗಿಗ ಗೆಳೆಯರೇ, ನಮಗೆ ಇವೆಲ್ಲ ಚಿಲ್ಲರೆ ಸಂಗತಿ. ಡೊಮೈನು, ಯೂನಿಕೋಡು, ಫೋಟೋ ಕುಗ್ಗಿಸುವುದು, ಎಲ್ಲ ಕಣ್ಣು ಮುಚ್ಚಿ ಮಾಡುತ್ತೇವೆ. ನಿಮ್ಮ ಊರಲ್ಲೂ ಒಬ್ಬರು ಹಪ್ಪಳ ಮಾಡುವವರು, ಒಬ್ಬರು ಕೈಮಗ್ಗದವರು, ಒಂದು ಹೋಂಸ್ಟೇ ಇದ್ದೇ ಇರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಅವರ ಸೈಟನ್ನು ಚೆಂದ ಮಾಡಿಕೊಡಲು ಕೂರಬೇಡಿ. ಒಂದೇ ಪ್ರಶ್ನೆ ಕೇಳಿ, ಯಾರ ಹೆಸರಲ್ಲಿದೆ ಅಂತ. "ಗೊತ್ತಿಲ್ಲ, ಆ ಹುಡುಗನ್ನ ಕೇಳ್ಬೇಕು" ಅಂದರೋ, ಹುಡುಗ ಊರಲ್ಲಿರುವಾಗಲೇ ಇಬ್ಬರನ್ನೂ ಒಟ್ಟಿಗೆ ಕೂರಿಸಿ ವರ್ಗಾವಣೆ ಮಾಡಿಸಿಬಿಡಿ. ನೋಂದಣಿ ಕಚೇರಿಯ ಕ್ಯೂ ಇಲ್ಲ, ಲಂಚ ಇಲ್ಲ. ಅರ್ಧ ಗಂಟೆಯ ಕೆಲಸ.